ಲಸ್ಸದನ ತೊಟ್ಟಿಯ ಮೀನು

ಗಾಳಿಯೂದುವ ಯಂತ್ರದ ಬೆಲ್ಟು ಕಿತ್ತುಹೋಗಲು ಆ ದಿನವನ್ನೇ ಆರಿಸಿಕೊಂಡಿತ್ತು.

ಆಲಿವ್ ಗಿರಣಿಯ ಕಪ್ಪು ಕೊಳೆನೀರು ಸುಣ್ಣದಲ್ಲಿ ತಿಳಿಯಾಗಿ ಶುದ್ಧೀಕರಣ ನೋಡಿಕೊಳ್ಳುವ ಲಸ್ಸದನ ತೊಟ್ಟಿಗೆ ಬರುತ್ತಿತ್ತು. ಉಳಿದ ಕೊಳೆಯನ್ನು ತಿನ್ನುವುದು ತೊಟ್ಟಿಯ ಸೂಕ್ಷ್ಮಜೀವಿಗಳ ಕೆಲಸ. ಗಾಳಿಯಿಲ್ಲದಿದ್ದರೆ ಅವು ಉಸಿರುಕಟ್ಟಿ ಸಾಯುತ್ತವೆ. ಮೂರು ಗಂಟೆಗೆ ತಪಾಸಣೆಯ ದೋರ್ರಾ ಮೇಡಂ ಬಂದು, ಹೊರಬರುವ ನೀರಿನಲ್ಲಿ ಮೀನು ಬಿಡುವವರಿದ್ದರು. ಮೀನು ಸತ್ತರೆ ಗಿರಣಿಗೆ ಬೀಗ. ಅಂಗಳದಲ್ಲಿ ನಲವತ್ತು ಮನೆಗಳ ಆಲಿವ್ ರಾಶಿ ಬಿದ್ದಿತ್ತು.

ಪಕ್ಕದ ಮನೆಯ ಮನ್ನೂಬಿಯಾ ಚಿಕ್ಕಮ್ಮ ತನ್ನ ಮೈಮೇಲಿನ ಬಿಳಿ ಹೊದಿಕೆಯನ್ನೇ ಹುರಿ ಮಾಡಿ ಬೆಲ್ಟಿನ ಜಾಗಕ್ಕೆ ಬಿಗಿದಳು. ಯಂತ್ರ ಕೆಮ್ಮುತ್ತಾ ತಿರುಗಿತು. ಅಲ್ಲಿಗೇ ನಿಲ್ಲದೆ ತೊಟ್ಟಿಗೆ ರೊಟ್ಟಿಯ ಹುಳಿಹಿಟ್ಟನ್ನೂ ಸುರಿದಳು.

"ಅಯ್ಯೋ ಚಿಕ್ಕಮ್ಮ, ಏನ್ ಮಾಡ್ಬಿಟ್ಟೆ!" ಎಂದ ಲಸ್ಸದ್.

"ಬೆಳಗ್ಗಿಂದ ಉಪವಾಸ ಇದ್ದಾವೆ ಪಾಪ, ತಿನ್ಲಿ ಬಿಡೋ."

ಕ್ಷೌರಿಕ ಹೇದಿ ಒಂದು ಸೌಟು ಹರೀಸಾ ಮೆಣಸಿನ ಚಟ್ನಿ ಕದಡಿದ. "ಖಾರ ಬಿದ್ರೆ ಎದ್ದು ಕೂರ್ತಾವೆ, ನೋಡ್ತಾ ಇರು!"

ತೊಟ್ಟಿಯ ಮೇಲೆ ನೊರೆ ಹಾಲುಕ್ಕಿದಂತೆ ಉಕ್ಕಿತು. ಈ ನೀರಿನಲ್ಲಿ ಮೀನು ಉಳಿಯದೆಂದು ಲಸ್ಸದ್ ಹೆದರಿದ. ಮೂರಕ್ಕೆ ಸರಿಯಾಗಿ ಬಂದ ಮೇಡಂ ಗಾಜಿನ ಬೋಗುಣಿ ಕೊಟ್ಟು ನೀರು ತರಲು ಹೇಳಿದಾಗ, ಅವನು ಗೋಡೆಯ ಮರೆಗೆ ಹೋಗಿ ನಲ್ಲಿ ತಿರುಗಿಸಿದ. ಫಳಫಳ ಹೊಳೆಯುವ ನೀರು ತಂದಿಟ್ಟ.

ಮೀನು ಎರಡು ಸುತ್ತು ಸುತ್ತಿತು. ಬಾಯಿ ಬಾಯಿ ಬಿಟ್ಟಿತು. ಕೊನೆಗೆ ಒಂದು ಪಕ್ಕಕ್ಕೆ ವಾಲಿತು.

"ಮುಗೀತು. ಬೀಗ ತನ್ನಿ," ಎಂದರು ಮೇಡಂ.

"ಮೇಡಂ!" ಲಸ್ಸದ್ ಅಡ್ಡ ಬಂದ. "ಅದು... ಅದು ನಲ್ಲಿ ನೀರು!"

ಮೇಡಂ ತಾವೇ ಹೋಗಿ ತೊಟ್ಟಿಯಿಂದ ಹೊರಬೀಳುವ ನೀರನ್ನು ಹಿಡಿದು ತಂದರು. ಅದು ತುಸು ಹಳದಿಯಾಗಿತ್ತು. ಮೀನನ್ನು ಅದಕ್ಕೆ ಬಿಟ್ಟರು. ಅದು ಒಮ್ಮೆ ನಡುಗಿತು, ನೆಟ್ಟಗಾಯಿತು, ಬಾಲ ಬಡಿಯುತ್ತಾ ಸುತ್ತತೊಡಗಿತು. ಗಂಟೆ ಕಳೆದರೂ ನಿಲ್ಲಲಿಲ್ಲ.

"ನಲ್ಲೀಲಿ ಕ್ಲೋರಿನ್ ಇರುತ್ತೆ ಮಾರಾಯ, ನಿಂಗೆ ಔಷಧಿ, ಮೀನಿಗೆ ವಿಷ. ನಿನ್ನ ತೊಟ್ಟಿ ಚಿನ್ನದಂಥದ್ದು, ನಂಬಿಕೆ ಇಲ್ಲದೋನು ನೀನೊಬ್ಬನೇ!" ಎಂದರು ಮೇಡಂ. "ಗಿರಣಿ ನಡೀಲಿ. ನಾಳೆಯಿಂದ ಇನ್ನೆರಡು ಗಿರಣಿಗಳ ಕೊಳೆನೀರೂ ಇಲ್ಲಿಗೇ ಬರುತ್ತೆ. ಬೋಗುಣಿ ಮಾತ್ರ ಚಿಕ್ಕಮ್ಮನ ಕೈಲಿರಲಿ."

ಜನ ಕೇಕೆ ಹಾಕಿದರು. ಲಸ್ಸದನಿಗೆ ನಾಚಿಕೆಯೂ ಸಂತೋಷವೂ ಒಟ್ಟಿಗೇ ಆಯಿತು. ಅಷ್ಟರಲ್ಲಿ ಚಿಕ್ಕಮ್ಮ ಯಂತ್ರ ನಿಲ್ಲಿಸಿ ಹೊದಿಕೆಯ ಗಂಟು ಬಿಚ್ಚತೊಡಗಿದಳು.

"ಚಿಕ್ಕಮ್ಮ, ಅದು ಬೇಕು!"

"ನಂಗೂ ಬೇಕಪ್ಪ, ಇವತ್ತು ಮದುವೆಗೆ ಹೋಗ್ಬೇಕು."

ಲಸ್ಸದ್ ಯಂತ್ರದ ಹಿಂದಕ್ಕೆ ಓಡಿದ; ಸ್ವಲ್ಪ ಹೊತ್ತಿಗೆ ಅದು ಮತ್ತೆ ತಿರುಗಿತು. ಮೇಡಂ ಅಭಿನಂದಿಸಲು ಕೈ ಚಾಚಿದಾಗ ಲಸ್ಸದ್ ಎಡಗೈಯನ್ನಷ್ಟೇ ಕೊಟ್ಟ. ಸೊಂಟದ ಬೆಲ್ಟಿಲ್ಲದ ಪ್ಯಾಂಟನ್ನು ಬಲಗೈ ಹಿಡಿದುಕೊಂಡಿತ್ತು.