ಸೂರಿನ ಮೇಲೊಂದು ಕಬ್ಬಿಣದ ಸರಳು

ಪೀಪಾಯಿ ಮಾಡುವ ಬಾರ್ಜಿಲೈ ಟಫ್ಟನಿಗೆ ಕಷ್ಟ ತಂದಿಟ್ಟದ್ದು ಪಂಚಾಂಗದ ನಾಲ್ಕು ಸಾಲು. ಮೊನಚಾದ ಕಬ್ಬಿಣದ ಸರಳೊಂದನ್ನು ಸೂರಿನ ಮೇಲೆ ನಿಲ್ಲಿಸಿ, ಅದರಿಂದ ತಂತಿ ಇಳಿಸಿ ನೆಲದಲ್ಲಿ ಹೂತರೆ, ಸಿಡಿಲು ಮನೆಯನ್ನು ಬಿಟ್ಟು ತಂತಿ ಹಿಡಿದು ಮಣ್ಣಿಗಿಳಿಯುತ್ತದೆ ಎಂದು ಅದರಲ್ಲಿ ಅಚ್ಚಾಗಿತ್ತು. ಗುಡುಗು ಕೇಳಿದರೆ ತಾನೇ ಮಾಡಿದ ಪೀಪಾಯಿಯೊಳಗೆ ಇಳಿದು ಕೂರುವ ಆಸಾಮಿ ಅವನು. ಗುರುವಾರ ಬೆಳಿಗ್ಗೆ ಹೆಂಡತಿ ಮೆಹಿಟಬೆಲ್ ಎಷ್ಟು ಬೇಡವೆಂದರೂ ಕೇಳದೆ ಸೂರು ಹತ್ತಿ ಸರಳು ನೆಟ್ಟೇಬಿಟ್ಟ.

ಮ್ಯಾಸಚೂಸೆಟ್ಸಿನ ಕಡಲಂಚಿನ ಥಾರ್ನ್‌ಬರಿಯಲ್ಲಿ ಸೂಜಿ ಕಳೆದರೂ ಅದು ಯಾವ ಪಾಪದ ಫಲವೆಂದು ಮೊದಲು ವಿಚಾರಣೆ, ಹುಡುಕುವುದು ಆಮೇಲೆ. ಎಂಟು ಗಂಟೆಗೇ ಪಕ್ಕದ ಮನೆಯ ವಿಧವೆ ಬಂದಳು. ಹೆಸರಿಗೆ ಮಾತ್ರ ಅವಳು ಸೈಲೆನ್ಸ್. ಮುಂಜಾನೆಯಿಂದ ಕಡೆದರೂ ಬೆಣ್ಣೆ ಬರುತ್ತಿಲ್ಲ, ಇದು ಆ ಸರಳಿನದೇ ಕೆಲಸ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಹೋದಳು. ಹತ್ತು ಗಂಟೆಯ ಹೊತ್ತಿಗೆ ಊರಿನ ಮೂರು ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸಿದ್ದವು, ಒಬ್ಬರ ಹಲ್ಲುನೋವು ಜೋರಾಗಿತ್ತು.

ಹನ್ನೊಂದಕ್ಕೆ ಡೀಕನ್ ಒಬಾದಾಯ ಕ್ರೇನ್ ಬಂದರು. ಚರ್ಚಿನ ಸಭೆಯ ಹಿರಿಯರು, ಅವರು ಕೆಮ್ಮಿದರೂ ಊರು ಅದರಲ್ಲಿ ಬುದ್ಧಿವಾದ ಹುಡುಕುತ್ತಿತ್ತು.

"ದೇವರು ಸಿಡಿಲು ಹೊಡೆಯೋದು ನಮ್ಮನ್ನ ತಿದ್ದೋಕೆ. ಅಪ್ಪ ಬೆತ್ತ ಎತ್ತಿದ್ರೆ ನೀನು ತಟ್ಟೆ ಅಡ್ಡ ಹಿಡೀತೀಯಲ್ಲೋ, ಬಾರ್ಜಿಲೈ," ಎಂದರು.

ಬಾರ್ಜಿಲೈ ಸುಮ್ಮನಿರಬೇಕಿತ್ತು. ಬಾಯಿ ಸುಮ್ಮನಿರಲಿಲ್ಲ.

"ನಿಮ್ಮ ಕಣ್ಣಿಗೆ ಮಂಜು ಕವಿಸಿದವನೂ ಅವನೇ ಅಲ್ವಾ ಡೀಕನ್‌ರೇ? ಮತ್ತೆ ಕನ್ನಡಕ ಯಾಕೆ ಹಾಕ್ಕೊಂಡಿದೀರಿ?"

ಡೀಕನ್ ಕೆಂಪಗಾದರು. ತಮ್ಮ ಭಕ್ತಿಗೆ ಗಾಜಿನ ಹಂಗಿಲ್ಲವೆಂದು ತೋರಿಸಲು ಕನ್ನಡಕ ಕಿತ್ತು ಜೇಬಿಗಿಳಿಸಿ, ಗಂಭೀರವಾಗಿ ತಿರುಗಿ ಎರಡು ಹೆಜ್ಜೆ ನಡೆದರು. ಮೂರನೆಯ ಹೆಜ್ಜೆ ಪೀಪಾಯಿಯ ಹಲಗೆ ನೆನೆಹಾಕಿದ್ದ ತೊಟ್ಟಿಯೊಳಗೆ ಬಿತ್ತು. ಅವರೂ ಅದರ ಹಿಂದೆಯೇ ಹೋದರು. ಬಾರ್ಜಿಲೈ ಕೈಹಿಡಿದು ಮೇಲೆತ್ತುವುದನ್ನು ಯಾರೂ ನೋಡಲಿಲ್ಲ. ಅವರು ನೆನೆದ ಬೆಕ್ಕಿನಂತೆ ಮನೆಗೆ ಹೋದದ್ದನ್ನು ಊರೆಲ್ಲ ನೋಡಿತು. ದೈವನಿಂದೆಯ ಜೊತೆಗೆ ಹಿರಿಯರನ್ನು ಮುಳುಗಿಸಿದ ಆರೋಪವೂ ಸೇರಿಕೊಂಡಿತು.

ಮಧ್ಯಾಹ್ನ ಪ್ರಾರ್ಥನಾಮಂದಿರದಲ್ಲಿ ವಿಚಾರಣೆ. ಸಭೆಯಿಂದ ಹೊರಗೆ ಹಾಕಿದರೆ ಊರಿನಲ್ಲಿ ಅವನ ಪೀಪಾಯಿ ಕೊಳ್ಳುವವರಿರಲಿಲ್ಲ, ಮೆಹಿಟಬೆಲಳ ಒಡಹುಟ್ಟಿದವರೂ ಅವರ ಮನೆಗೆ ಊಟಕ್ಕೆ ಬರುವಂತಿರಲಿಲ್ಲ. ಅವಳು ಹೆಂಗಸರ ಬೆಂಚಿನಲ್ಲಿ ತಲೆತಗ್ಗಿಸಿ ಕೂತಿದ್ದಳು. ಅವಳನ್ನು ನೋಡಿದಾಗ ಬಾರ್ಜಿಲೈಗೆ ಮೊದಲ ಸಲ ಗುಡುಗಿಗಿಂತ ದೊಡ್ಡ ಹೆದರಿಕೆ ಹುಟ್ಟಿತು. ಬೋಧಕರಾದ ಎಲ್ನೇಥನ್ ಪ್ರೌಟರು, ಹೇಳುವುದೇನಾದರೂ ಇದೆಯೇ ಎಂದು ಕೇಳಿದರು.

"ಅಯ್ಯಾ, ನನ್ನ ಮನೆ ಸುಡಬೇಕು ಅಂತ ದೇವರು ಲೋಕ ಹುಟ್ಟೋಕೆ ಮೊದಲೇ ತೀರ್ಮಾನ ಮಾಡಿದ್ರೆ ಈ ಸರಳಿನಿಂದ ಏನೂ ಆಗಲ್ಲ. ಸುಡಬಾರದು ಅಂತಿದ್ರೆ ಅದು ಬರೀ ಕಬ್ಬಿಣ. ಇದರಲ್ಲಿ ನಾನು ದೇವರನ್ನ ತಡೆದದ್ದು ಎಲ್ಲಿ?"

ಬೋಧಕರ ಮುಖ ಅರಳಿತು. ಮೂವತ್ತು ವರ್ಷದಿಂದ ದೈವಸಂಕಲ್ಪದ ಬಗ್ಗೆ ಬೋಧಿಸುತ್ತಿದ್ದರು. ಪ್ರಶ್ನೆ ಕೇಳುವಷ್ಟು ಹೊತ್ತು ಎಚ್ಚರವಿದ್ದವನು ಇವನೊಬ್ಬನೇ. ಸಂತೋಷ ತಡೆಯಲಾರದೆ ವಿಷಯವನ್ನು ಹನ್ನೆರಡು ಭಾಗ ಮಾಡಿ ಬಿಡಿಸತೊಡಗಿದರು. ಏಳನೆಯದಕ್ಕೆ ಬರುವಷ್ಟರಲ್ಲಿ ಕಡಲ ಕಡೆಯಿಂದ ಮೋಡ ಕವಿದು ಗುಡುಗಿತು.

ಊರಿನಲ್ಲೆಲ್ಲ ಎತ್ತರದ್ದು ತಮ್ಮ ತಲೆಯ ಮೇಲಿರುವ ಗೋಪುರವೇ ಎನ್ನುವುದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಅದರ ನೇರ ಕೆಳಗಿದ್ದ ಡೀಕನ್ ಮೆಲ್ಲಗೆ ಬಾಗಿಲ ಬಳಿಗೆ ಸರಿದರು. ಬೋಧಕರು ಎಂಟರಿಂದ ಹನ್ನೊಂದರವರೆಗೆ ನುಂಗಿ ಹನ್ನೆರಡಕ್ಕೆ ಹಾರಿದರು.

"ಸರಳು ಪಾಪವಲ್ಲ. ತನ್ನೊಬ್ಬನ ಸೂರಿಗೆ ಹಾಕ್ಕೊಂಡ್ರೆ ಅಹಂಕಾರ. ದೇವರ ಮನೆಗೆ ಹಾಕಿದ್ರೆ ಕಾಣಿಕೆ."

ಬಹಿಷ್ಕಾರ ತಪ್ಪಿತೆಂದು ಬಾರ್ಜಿಲೈ ನಿಟ್ಟುಸಿರು ಬಿಡುವಷ್ಟರಲ್ಲಿ ನಾಲ್ಕು ಜನ ಓಡಿಹೋಗಿ ಸರಳು, ತಂತಿ ಎಲ್ಲ ಕಿತ್ತು ತಂದಿದ್ದರು. ಅದನ್ನು ನಿಲ್ಲಿಸಲು ಬಲ್ಲವರು ಯಾರು ಎಂದು ಬೋಧಕರು ಕೇಳಬೇಕಾಗಲಿಲ್ಲ. ಸಭೆಗೆ ಸಭೆಯೇ ಒಂದೇ ಕಡೆ ನೋಡಿತು.

ಪ್ರತಿ ಗುಡುಗಿಗೂ ಏಣಿಯನ್ನು ತಬ್ಬಿಕೊಳ್ಳುತ್ತ ಅವನು ಮೇಲೆ ಹತ್ತಿದ. ಹೇಗೋ ಸರಳನ್ನು ಗೋಪುರಕ್ಕೆ ಬಿಗಿದು ತಂತಿ ಇಳಿಬಿಟ್ಟ. ಕೆಳಗೆ ಯಾರೋ ಅದರ ತುದಿಯನ್ನು ಹೂತು ಒಳಗೋಡಿದರು. ಮಳೆ ಸುರಿಯತೊಡಗಿತು. ಇಳಿಯಲೆಂದು ಕಾಲು ಚಾಚಿದರೆ ಏಣಿ ಸಿಗಲಿಲ್ಲ. ಕೂಗಿದ, ಮತ್ತೆ ಕೂಗಿದ.

ಬಾಗಿಲು ಒಂದು ಗೇಣು ತೆರೆದು ಡೀಕನ್ನರ ತಲೆ ಹೊರಬಂತು.

"ಏಣಿ ಸಭೇದು ಕಣೋ. ನೆನೆದ್ರೆ ಹಾಳಾಗುತ್ತೆ ಅಂತ ಒಳಗಿಟ್ಟಿದೀವಿ. ಮಳೆ ನಿಂತ ಮೇಲೆ ತರ್ತೀವಿ. ಅಲ್ಲೀವರೆಗೆ ಆ ಸರಳನ್ನ ಗಟ್ಟಿಯಾಗಿ ಹಿಡ್ಕೊಂಡಿರು."

ಬಾಗಿಲು ಮುಚ್ಚಿತು.