ಹೂಂರಾಯನ ಇಂಟರ್‌ವ್ಯೂ

ಮನುಕುಲದ ಹಿತದೃಷ್ಟಿಯಿಂದ ತುರ್ತಾಗಿ ಚರ್ಚೆಯಾಗಬೇಕಾದ ವಿಷಯಗಳಲ್ಲಿ ‘ಹೂಂ’ ಎಂಬುದೂ ಒಂದು. ಹೌದು, ಆಗಲಿ, ಮುಂದೆ ಹೇಳಿ, ಸಾಕು ನಿಲ್ಲಿಸಿ, ನಿಮ್ಮ ಒಂದು ಮಾತನ್ನೂ ನಾನು ನಂಬಿಲ್ಲ – ಇಷ್ಟನ್ನೂ ತುಟಿ ಬಿಚ್ಚದೆ ಹೇಳಬಲ್ಲ ಈ ಸದ್ದಿಗೆ ವ್ಯಾಕರಣ ಬರೆದವರು ಒಂದು ಪುಟವನ್ನೂ ಖರ್ಚು ಮಾಡಿಲ್ಲ. ಅದರ ಫಲವನ್ನು ಉಣ್ಣಬೇಕಾಗಿ ಬಂದವನು ಹೂಂರಾಯ.

ಈ ಬಿರುದನ್ನು ಕೊಟ್ಟವನು ಅವನ ಭಾವ. ಹೂಂರಾಯ ಕೆಲಸ ಬಲ್ಲವನೇ, ಮಾತು ಮಾತ್ರ ಗಂಟಲಿಗಿಂತ ಮೇಲೆ ಬರುತ್ತಿರಲಿಲ್ಲ. ಇಂಟರ್‌ವ್ಯೂನಲ್ಲಿ “ನಿಮ್ಮ ಬಗ್ಗೆ ಸ್ವಲ್ಪ ಹೇಳಿ” ಎಂದರೆ, ಮುಟ್ಟಿದ ಬಸವನಹುಳುವಿನಂತೆ ಕಾಲರಿನೊಳಗೆ ಸರಿದುಬಿಡುತ್ತಿದ್ದ. “ಹಿಂದಿನ ಕೆಲಸ ಯಾಕೆ ಬಿಟ್ರಿ?” ಎಂದರೆ “ಹೂಂ…”. ಕಂಪನಿಯೇ ಮುಚ್ಚಿಹೋಗಿತ್ತು ಎಂಬ ಸರಳ ಸತ್ಯ ಹೊರಬರುವಷ್ಟರಲ್ಲಿ ಎದುರಿಗಿದ್ದವರು, ಅಲ್ಲಿ ಏನು ಕದ್ದನೋ ಎಂದು, ಅವನ ಜೇಬುಗಳನ್ನೇ ದಿಟ್ಟಿಸುತ್ತಿರುತ್ತಿದ್ದರು. “ತಿಳಿಸ್ತೀವಿ” ಎನ್ನುತ್ತಿದ್ದರು. ಯಾರೂ ತಿಳಿಸಿರಲಿಲ್ಲ.

ಅಂದು ಬೆಳಿಗ್ಗೆ ಭಾವ ಕಡೆಯ ಮಾತು ಹೇಳಿದ. “ಇವತ್ತೂ ಕೆಲಸ ಸಿಗಲಿಲ್ವೋ, ನಾಳೆಯಿಂದ ನನ್ನ ಚಪ್ಪಲಿ ಅಂಗಡಿ ಮುಂದೆ ಮೈಕ್ ಹಿಡ್ಕೊಂಡು ನಿಂತ್ಕೋ. ‘ಬನ್ನಿ ಅಣ್ಣಾ, ಬನ್ನಿ ಅಕ್ಕಾ’ ಅಂತ ದಿನವಿಡೀ ಕೂಗ್ಬೇಕು. ತಿಳೀತಾ?”

ಹೂಂರಾಯನಿಗೆ ಅದಕ್ಕಿಂತ ನೇಣೇ ವಾಸಿ ಎನಿಸಿತು. ನೇಣಾದರೆ ಒಂದೇ ಸಲ, ಮೈಕು ದಿನವಿಡೀ.

“ಬರೀ ಹೂಂ ಅನ್ಬೇಡ್ವೋ, ನಾಲ್ಕು ಮಾತಾಡೋ,” ಎಂದಳು ಅಕ್ಕ.

ಎದುರು ಮನೆಯ ನಿವೃತ್ತ ಜೈಲರ್ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು. “ಬಾಯಿ ಬಿಡದೋರ ಮೇಲೇ ನಂಗೆ ಅನುಮಾನ ಜಾಸ್ತಿ. ಏನಪ್ಪಾ ಮುಚ್ಚಿಡ್ತಿದೀಯ?”

ಕೆಲಸ ಒಂದು ಫ್ಯಾನ್ ಕಾರ್ಖಾನೆಯಲ್ಲಿ, ಸ್ಟೋರ್‌ಕೀಪರನದು. ಬಾಗಿಲಲ್ಲಿ ಕುಳಿತಿದ್ದ ರಿಸೆಪ್ಷನಿಸ್ಟ್ ಕೇಳಿದಳು, “ಯಾವ ವಿಷಯಕ್ಕೆ ಬಂದಿದೀರಿ?”

ಹೂಂರಾಯ ಮ್ಯಾನೇಜರನ ಕೋಣೆಯತ್ತ ಬೆರಳು ತೋರಿಸಿದ.

“ಸಾಹೇಬ್ರ ವಿಷಯಕ್ಕಾ?”

“ಹೂಂ.”

ಅವಳ ಮುಖ ಸುಣ್ಣದಂತಾಯಿತು. ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಯಾರಿಗೋ ಪಿಸುಗುಟ್ಟಿದಳು. ಹೂಂರಾಯ ಮೂಲೆಯ ಕುರ್ಚಿಯಲ್ಲಿ ಕುಳಿತು ನೆಲದ ಟೈಲ್ಸನ್ನು ನೋಡತೊಡಗಿದ. ಗೋಡೌನಿನ ಮೇಸ್ತ್ರಿ ಕತ್ತು ಒರೆಸಿಕೊಳ್ಳುತ್ತ ಓಡಿಬಂದ.

“ಹೆಡ್ಡಾಫೀಸಿಂದ ತನಿಖೆಗೆ ಬಂದೋರಾ ಸಾರ್?”

“ಹೂಂ?” ಎಂದ ಹೂಂರಾಯ. ಅದರ ಕೊನೆಯ ಪ್ರಶ್ನಾರ್ಥಕ ಚಿಹ್ನೆ ಯಂತ್ರಗಳ ಗದ್ದಲದಲ್ಲಿ ಕಳೆದುಹೋಯಿತು.

“ಗೊತ್ತಿತ್ತು ಸಾರ್, ಒಂದಿನ ಬಂದೇ ಬರ್ತೀರಿ ಅಂತ! ನಾನು ಹೊತ್ಕೊಂಡು ಹೋಗಿದ್ದು ಎರಡೇ ಫ್ಯಾನು, ಮಕ್ಕಳಾಣೆ. ಅಕೌಂಟೆಂಟ್ ಮನೆಗೆ ಹೋಗಿ ನೋಡಿ, ಬಚ್ಚಲಲ್ಲೂ ಫ್ಯಾನ್ ತಿರುಗ್ತಿರುತ್ತೆ!”

ಮೇಸ್ತ್ರಿ ಹೋದ ಹಿಂದೆಯೇ ಅಕೌಂಟೆಂಟ್ ಬಂದ.

“ಆ ಮೇಸ್ತ್ರಿ ಏನಂದ?”

“ಹೂಂ…”

“ಓಹೋ, ಎಲ್ಲಾ ಕಕ್ಕಿದಾನೆ! ಹಾಗಾದ್ರೆ ಇದನ್ನೂ ಬರ್ಕೊಳ್ಳಿ. ಸಾಹೇಬ್ರ ಮಾವನ ಲಾಡ್ಜಲ್ಲಿ ರೂಮಿಗೆರಡು ಫ್ಯಾನಿದೆ. ಅವು ಎಲ್ಲಿಂದ ಹಾರಿ ಬಂದ್ವು ಕೇಳಿ!”

ಇಂಟರ್‌ವ್ಯೂಗೆ ಬಂದವನಿಗೆ ಎಲ್ಲರೂ ಹೀಗೆ ಫ್ಯಾನಿನ ಲೆಕ್ಕ ಒಪ್ಪಿಸುವುದು ಯಾಕೆ? ಇದೂ ಪರೀಕ್ಷೆಯ ಒಂದು ಭಾಗವಿರಬೇಕೆಂದು ಹೂಂರಾಯನಿಗೇ ಅನುಮಾನ ಬಂತು. ಅಷ್ಟರಲ್ಲಿ ಮ್ಯಾನೇಜರೇ ಎದ್ದು ಬಂದು, ತೋಳು ಹಿಡಿದು ಒಳಗೆ ಕರೆದೊಯ್ದು, ತನ್ನ ಕುರ್ಚಿಯಲ್ಲೇ ಕೂರಿಸಿದ. ತಾನು ನಿಂತೇ ಇದ್ದ.

“ಏನೇನು ಗೊತ್ತು ನಿಮಗೆ?”

ಇದು ಮೊದಲ ಪ್ರಶ್ನೆ. ಕಣ್ಣೆದುರು ಮೈಕು ಕುಣಿಯಿತು. ಹೂಂರಾಯ ಉಸಿರು ಎಳೆದುಕೊಂಡ. “ಎಲ್ಲಾ ಗೊತ್ತು ಸಾರ್. ಸ್ಟೋರಿಂದ ಯಾವ ಸಾಮಾನು ಎಲ್ಲಿಗೆ ಹೋಯ್ತು ಅಂತ ಕಣ್ಣು ಮುಚ್ಕೊಂಡು ಹೇಳ್ತೀನಿ.”

ಮ್ಯಾನೇಜರ್ ಮೇಜನ್ನು ಹಿಡಿದುಕೊಂಡ. “ನಿಮಗೇನು ಬೇಕು ಹೇಳ್ಬಿಡಿ.”

“ಕೆಲಸ ಬೇಕು ಸಾರ್.”

“ಯಾರದು? ನಂದಾ?”

“ಅಯ್ಯೋ, ಸ್ಟೋರ್‌ಕೀಪರ್ ಕೆಲಸ ಸಾರ್. ಇಂಟರ್‌ವ್ಯೂಗೆ ಬಂದೋನು ನಾನು.”

“ಹೆಡ್ಡಾಫೀಸಿಂದ ಬಂದಿಲ್ವಾ?”

“ಇಲ್ಲ ಸಾರ್. ಅಕ್ಕನ ಮನೆಯಿಂದ.”

ಮ್ಯಾನೇಜರನ ಮುಖಕ್ಕೆ ರಕ್ತ ವಾಪಸಾಯಿತು. ಹೂಂರಾಯನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕುಳಿತ. “ಹೊರಗೆ ಯಾರಾದ್ರೂ ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ?”

ಮಾತಿನ ರುಚಿ ಹತ್ತಿದ ಹೂಂರಾಯ ಈಗ ಕಟ್ಟೆಯೊಡೆದ ಕೆರೆ. ಮೇಸ್ತ್ರಿಯ ಎರಡು ಫ್ಯಾನು, ಅಕೌಂಟೆಂಟನ ಬಚ್ಚಲು, ಮಾವನ ಲಾಡ್ಜು, ಒಂದನ್ನೂ ಬಿಡದೆ, ಕೈ ಆಡಿಸುತ್ತ, ಅಲ್ಲಲ್ಲಿ ನಕ್ಕು ವಿವರಿಸಿದ. ಹುಟ್ಟಿದಾಗಿನಿಂದ ಅಷ್ಟು ಮಾತಾಡಿದ್ದೇ ಇಲ್ಲ. ಕೆಲಸ ಸಿಕ್ಕಿತೆಂದೇ ಅವನಿಗನಿಸಿತು.

ಮ್ಯಾನೇಜರ್ ಎದ್ದು ಬಾಗಿಲು ತೆರೆದು ಹಿಡಿದ.

“ಬೇರೇನೂ ಕೊರತೆ ಇಲ್ಲ ನಿಮ್ಮಲ್ಲಿ. ಆದ್ರೆ ಈ ಸ್ಟೋರಿಗೆ ಬಾಯಿ ಬಿಗಿ ಇರೋ ಮನುಷ್ಯ ಬೇಕು ಕಣ್ರೀ. ನಿಮ್ದು ಮಾತು ಜಾಸ್ತಿ.”

ಮರುದಿನ ಬೆಳಿಗ್ಗೆ ಹೂಂರಾಯ ಚಪ್ಪಲಿ ಅಂಗಡಿಯ ಮುಂದೆ ಮೈಕು ಹಿಡಿದು ನಿಂತಿದ್ದ.