ಮನೆಯಲ್ಲೇ ಮಾಡಿದ ಉಟಣೆ

ಹಬ್ಬದ ಉಡುಗೊರೆಯಲ್ಲಿ ಅರ್ಧ ದುಡ್ಡು ಡಬ್ಬಿಗೆ, ಕಾಲು ದುಡ್ಡು ರಿಬ್ಬನ್ನಿಗೆ, ಉಳಿದದ್ದು ಅಂಗಡಿಯವನ ಮಗಳ ಮದುವೆಗೆ ಎಂಬುದು ಅಶ್ವತ್ಥನಾರಾಯಣರ ಅಚಲ ನಂಬಿಕೆ. ಹೀಗಾಗಿ ಈ ದೀಪಾವಳಿಗೆ ಡ್ರೈಫ್ರೂಟ್ ಬಾಕ್ಸು ಬಂದ್, ಮನೆಯಲ್ಲೇ ಉಟಣೆ ಮಾಡಿ ಹಂಚುವುದು ಎಂದು ಅವರು ಘೋಷಿಸಿದರು. ಉಟಣೆ ಎಂದರೆ ನರಕ ಚತುರ್ದಶಿಯ ನಸುಕಿನಲ್ಲಿ ಮೈಗೆ ತಿಕ್ಕಿ ಸ್ನಾನ ಮಾಡುವ ಪರಿಮಳದ ಪುಡಿ. ಮರಾಠಿ ನೆಲದಲ್ಲಿ ಅದಿಲ್ಲದೆ ದೀಪಾವಳಿ ಇಲ್ಲ. ಆ ನೆಲದ ನೆರೂಳಿನಲ್ಲಿ ಅರ್ಧ ಆಯುಷ್ಯ ಕಳೆದ ಅಶ್ವತ್ಥನಾರಾಯಣರಿಗೂ ಮೈಸೂರಿನ ಸೀಗೆಪುಡಿ ಯಾವಾಗಲೋ ಮರೆತುಹೋಗಿತ್ತು.

"ಕಡಲೆಹಿಟ್ಟು, ಅರಿಶಿನ, ಒಣಗಿದ ಕಿತ್ತಳೆ ಸಿಪ್ಪೆ. ಇಷ್ಟೇ ಕಣೇ. ಇದಕ್ಕೆ ಅಂಗಡಿಯೋನು ಬಂಗಾರದ ರೇಟು ಹಾಕ್ತಾನೆ."

"ಹಂಚೋ ಮುಂಚೆ ಒಂದ್ಸಲ ಹಚ್ಕೊಂಡು ನೋಡಿ," ಎಂದಳು ಹೆಂಡತಿ ಯಾಮಿನಿ.

"ಅಜ್ಜಿ ಕಾಲದ ವಿದ್ಯೆಗೆ ಪರೀಕ್ಷೆ ಯಾಕೆ?"

ತುರ್ಭೆಯ ಸಗಟು ಮಾರ್ಕೆಟ್ಟಿನಲ್ಲಿ ವ್ಯಾಪಾರಿ "ಆಂಬೆಹಳದ್ ದೇವೂ ಕಾ?" ಎಂದು ಕೇಳಿದ್ದ. ಮೈಗೆ ಹಚ್ಚುವ ಆಂಬೆಹಳದ್ ಅರಿಶಿನವೇ ಬೇರೆ, ಸಾರಿಗೆ ಹಾಕುವ ಅರಿಶಿನವೇ ಬೇರೆ ಎಂದು ಅವನಿಗೆ ಗೊತ್ತಿತ್ತು. ಅಶ್ವತ್ಥನಾರಾಯಣರಿಗೆ ಗೊತ್ತಿದ್ದದ್ದು ಅವೆರಡರ ಬೆಲೆ ಮಾತ್ರ. ಅಗ್ಗದ್ದನ್ನೇ ಕಟ್ಟಿಸಿಕೊಂಡು ಬಂದು, ಬಕೆಟ್ಟಿನಲ್ಲಿ ಕಲಸಿ, ದೊಡ್ಡ ಡಬ್ಬಕ್ಕೆ ತುಂಬಿ ಹೆಂಡತಿಯ ಕೈಗಿಟ್ಟರು. ಯಾಮಿನಿ ಹಳೆಯ ರೇಷ್ಮೆ ಸೀರೆ ಕತ್ತರಿಸಿ ಪುಟ್ಟ ಪುಟ್ಟ ಚೀಲ ಹೊಲಿದಳು, ಪುಡಿ ತುಂಬಿ ಬಾಯಿಯನ್ನೂ ಹೊಲಿದುಬಿಟ್ಟಳು.

ಹಬ್ಬದ ಹಿಂದಿನ ದಿನ ಬೆಳಗ್ಗೆ ಅಶ್ವತ್ಥನಾರಾಯಣರು ತಮ್ಮ ಮಾಳಿಗೆಯ ಮನೆಗಳಿಗೆಲ್ಲ ಚೀಲ ಹಂಚಿದರು. ಠಾಣೆ ನಗರದಲ್ಲಿದ್ದ ತಮ್ಮ ಆಫೀಸಿಗೆ ಹೋಗಿ ಸಾಹೇಬರಾದ ಹರಿಶ್ಚಂದ್ರರಿಗೂ ಕೊಟ್ಟು, ಅರ್ಧ ದಿನದ ರಜೆ ಹಾಕಿ ಮನೆಗೆ ಬಂದರು. ಯಾಮಿನಿ ಹೂವು ತರಲು ಹೋಗಿದ್ದಳು. ಅಡುಗೆಮನೆಯಲ್ಲಿ ಡಬ್ಬ ಕಾಣಿಸಿತು. ತಾನು ಬೇಯಿಸಿದ್ದನ್ನು ತಾನೇ ರುಚಿ ನೋಡಬೇಕೆನಿಸುವುದು ಸಹಜವಲ್ಲವೇ? ಒಂದು ಹಿಡಿ ತೆಗೆದು ಮುಖಕ್ಕೆ, ಕುತ್ತಿಗೆಗೆ, ಮೊಣಕೈವರೆಗೆ ಚೆನ್ನಾಗಿ ತಿಕ್ಕಿದರು. ಸೋಪು ಹಚ್ಚಿದ್ದೇ ತಡ, ನೊರೆ ಆರತಿ ತಟ್ಟೆಯ ಓಕುಳಿಯಂತೆ ಕೆಂಪಾಯಿತು. ನೀರು ಸುರಿದರು. ಕೆಂಪು ಹೋಯಿತು. ಕನ್ನಡಿಯಲ್ಲಿ ಒಂದು ಚೆಂಡುಹೂವು ಕನ್ನಡಕ ಹಾಕಿಕೊಂಡು ಇವರನ್ನೇ ನೋಡುತ್ತಿತ್ತು.

ನಿಂಬೆಹಣ್ಣು ತಿಕ್ಕಿದರು, ಹಾಲು ಹಚ್ಚಿದರು, ಕೊನೆಗೆ ಪಾತ್ರೆ ತೊಳೆಯುವ ಪುಡಿ. ಬಣ್ಣಕ್ಕೆ ಹೊಳಪು ಬಂತು, ಅಷ್ಟೇ. ಯಾಮಿನಿಗೆ ಫೋನ್ ಮಾಡಿದರೆ ಫ್ರಿಜ್ಜಿನ ಮೇಲೆ ರಿಂಗಾಯಿತು.

ಆಗ ಅವರಿಗೆ ಹೊಳೆಯಿತು. ನಾಳೆ ನಸುಕಿಗೆ ಊರೆಲ್ಲ ಇದನ್ನೇ ತಿಕ್ಕಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ನಾಳೆಯೇ ಎದುರುಮನೆಯ ಪುಟ್ಟಮ್ಮನ ಮಗಳು ಶ್ರದ್ಧಾಳ ನಿಶ್ಚಿತಾರ್ಥ.

ಕೊಟ್ಟ ಉಡುಗೊರೆಯನ್ನು ಬರಿಗೈಯಲ್ಲಿ ಹೋಗಿ ವಾಪಸು ಕೇಳಲಾಗುತ್ತದೆಯೇ? ಸ್ಟೇಷನ್ ರಸ್ತೆಗೆ ಓಡಿ, ಬೇಡವೆಂದಿದ್ದ ಅದೇ ಡ್ರೈಫ್ರೂಟ್ ಬಾಕ್ಸುಗಳನ್ನು ಹಬ್ಬದ ಹಿಂದಿನ ದಿನದ ರೇಟಿನಲ್ಲಿ ಹೊತ್ತು ತಂದರು. "ಚೀಲ ಅದಲುಬದಲಾಗಿದೆ, ಇದು ನಿಮ್ಮದು" ಎನ್ನುತ್ತ ಮಾಳಿಗೆಯ ಮನೆಗಳಿಂದೆಲ್ಲ ಉಟಣೆ ಹಿಂದೆ ಪಡೆದರು. ಕೊನೆಗೆ ಪುಟ್ಟಮ್ಮನ ಬಾಗಿಲು.

"ಅಯ್ಯೋ, ಅದನ್ನ ಬೀಗರ ಮನೆಗೆ ಕಳಿಸಿಬಿಟ್ಟೆ ಕಣ್ರೀ," ಎಂದರು ಪುಟ್ಟಮ್ಮ. "ಹುಡುಗನಿಗೆ ಅಭ್ಯಂಜನದ ತಟ್ಟೆ ಹೋಗ್ಬೇಕಲ್ಲ. ಎಣ್ಣೆ, ಟವಲ್ಲು, ಜೊತೆಗೆ ನಿಮ್ಮ ಉಟಣೆ. ಡೊಂಬಿವಲಿ ಮುಟ್ಟಿಯೂ ಆಯ್ತು. ಅದ್ಸರಿ, ಮುಖ ಯಾಕ್ರೀ ಹಂಗಿದೆ?"

"ಬೆಳಕು."

"ಅಂಕಲ್, ಏಕ್ ಫೋಟೋ," ಎಂದು ಶ್ರದ್ಧಾ ಮೊಬೈಲು ಎತ್ತಿದಳು. "ಡೆಕೊರೇಶನ್‌ವಾಲೆ ಕೋ ಯಹೀ ಕಲರ್ ಬತಾನಾ ಹೈ." ಮಂಟಪದ ಅಲಂಕಾರಕ್ಕೆ ಅವಳಿಗೆ ಬೇಕಿದ್ದದ್ದು ಇದೇ ಬಣ್ಣವಂತೆ.

ಮದುಮಗ ಹಳದಿಯಾಗಿ ನಿಶ್ಚಿತಾರ್ಥದಲ್ಲಿ ಕುಳಿತರೆ ಆ ಸಂಬಂಧದ ಗತಿಯೇನು? ಹಿಂದೆ ಪಡೆದ ಚೀಲಗಳನ್ನೆಲ್ಲ ಹೆಗಲಿಗೇರಿಸಿ, ದಾರಿಯಲ್ಲೇ ಸಾಹೇಬರ ಚೀಲವನ್ನೂ ತರೋಣವೆಂದು ಅಶ್ವತ್ಥನಾರಾಯಣರು ಠಾಣೆಯ ಲೋಕಲ್ ರೈಲು ಹಿಡಿದರು. ಡಬ್ಬಿ ಕಿಕ್ಕಿರಿದಿತ್ತು. ಆದರೆ ಅವರ ಮುಖ ಕಂಡದ್ದೇ ಜನ ತಾವಾಗಿ ಸರಿದರು. ಜೇಜೂರಿಯ ಖಂಡೋಬನ, ಅಂದರೆ ನಮ್ಮ ಮೈಲಾರಲಿಂಗನ, ಭಂಡಾರದ ಅರಿಶಿನದಲ್ಲಿ ಮಿಂದು ಬಂದ ಭಕ್ತ ಇವನೆಂದು ಯಾರೋ "ಯೆಳಕೋಟ ಯೆಳಕೋಟ" ಅಂದರು, ಇಡೀ ಡಬ್ಬಿ "ಜೈ ಮಲ್ಹಾರ" ಅಂದಿತು. ಒಬ್ಬ ಕಾಲು ಮುಟ್ಟಿದ, ಇನ್ನೊಬ್ಬ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟ. ಇಷ್ಟು ವರ್ಷದಲ್ಲಿ ಅವರಿಗೆ ಕಿಟಕಿ ಸೀಟು ಸಿಕ್ಕಿದ್ದು ಅದೇ ಮೊದಲು. ಸುಖಪಡುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಠಾಣೆಯಲ್ಲಿ ಹರಿಶ್ಚಂದ್ರರು ಇವರನ್ನು ಕಂಡವರೇ ಕುರ್ಚಿಯನ್ನು ಗೋಡೆಯವರೆಗೆ ಹಿಂದೆ ತಳ್ಳಿದರು.

"ಇದೆಂತ ಮಾರಾಯ್ರೆ ನಿಮ್ಮ ಅವಸ್ಥೆ? ಬೆಳಿಗ್ಗೆ ಸಮಾ ಇದ್ರಲ್ಲ."

"ಏನಿಲ್ಲ ಸಾರ್, ಆ ಚೀಲ..."

"ಅಲ್ಲೇ ನಿಲ್ಲಿ. ಇದು ಕಾಮಾಲೆ. ನಮ್ಮ ಮಾವನಿಗೆ ಹೀಗೇ ಶುರುವಾದದ್ದು. ಮಾತಾಡ್ಬೇಡಿ, ನನ್ನ ಮೇಲೆ ಗಾಳಿ ಬರ್ತದೆ."

ಸಾಹೇಬರು ಉಟಣೆಯ ಚೀಲವನ್ನು ಎರಡು ಪೆನ್ಸಿಲಿನ ನಡುವೆ ಹಿಡಿದು ವಾಪಸು ಕೊಟ್ಟರು. ಡ್ರೈಫ್ರೂಟ್ ಬಾಕ್ಸನ್ನು ಸ್ಯಾನಿಟೈಸರಿನಲ್ಲಿ ಒರೆಸಿ ಸ್ವೀಕರಿಸಿದರು. "ರಕ್ತ ಪರೀಕ್ಷೆ ರಿಪೋರ್ಟ್ ಇಲ್ಲದೆ ಆಫೀಸಿಗೆ ಬರುವುದು ಬೇಡ. ಸಂಬಳದ ವಿಷಯ ಆಮೇಲೆ ನೋಡುವ."

ಅಲ್ಲಿಂದ ಡೊಂಬಿವಲಿ. ಇಳಿಯಬೇಕಾದ ಕಡೆ ಅಶ್ವತ್ಥನಾರಾಯಣರು ಬಾಗಿಲತ್ತ ಒಂದು ಹೆಜ್ಜೆ ಹೋದರೆ, ಹತ್ತುವವರು ಅವರನ್ನು ಮಡಿಚಿದ ಹಾಸಿಗೆಯಂತೆ ಒಳಗೆ ತುರುಕಿದರು. ಇಳಿದದ್ದು ಇನ್ನೂ ಮುಂದಿನ ಕಲ್ಯಾಣದಲ್ಲಿ. ಅಲ್ಲಿಂದ ಹಿಂದಿರುಗಿ, ಬೀಗರ ಮನೆಯ ಬಾಗಿಲು ತಟ್ಟುವ ಹೊತ್ತಿಗೆ ಕಂಕುಳಲ್ಲಿದ್ದ ಕೊನೆಯ ಡ್ರೈಫ್ರೂಟ್ ಬಾಕ್ಸು ಲಕೋಟೆಯಷ್ಟು ತೆಳ್ಳಗಾಗಿತ್ತು.

ಬಾಗಿಲು ತೆರೆದವರು ಹುಡುಗನ ತಾಯಿ ಚಂದವ್ವ, ವಿಜಯಪುರದ ಕಡೆಯವರು. ಒಮ್ಮೆ ನೋಡಿ ತಲೆಯ ಮೇಲೆ ಸೆರಗು ಹೊದ್ದರು.

"ಮೈಲಾರಕ್ಕ ಹೋಗಿ ಬಂದ್ರೇನ್ರೀ ಅಣ್ಣಾರ? ಭಂಡಾರ ಇನ್ನಾ ಮುಖದ ಮ್ಯಾಲ ಹಂಗ ಅದ. ಏ ಸಂಗಮೇಶ, ಬಾ ಇಲ್ಲೆ, ಪಾದಾ ಮುಟ್ಟು."

ಚಡ್ಡಿಯಲ್ಲಿದ್ದ ಮದುಮಗ ಬಂದು ಪಾದ ಮುಟ್ಟಿದ. ಅವನ ಹಿಂದೆ ಚಿಕ್ಕಪ್ಪ, ಅತ್ತೆ, ಭಾವ, ಹೀಗೆ ಒಬ್ಬೊಬ್ಬರಾಗಿ ಸಾಲು ಬೆಳೆಯಿತು. ಎಲ್ಲರಿಗೂ ಆಶೀರ್ವಾದ ಮಾಡಿ ಅಶ್ವತ್ಥನಾರಾಯಣರು ಮೆಲ್ಲಗೆ ಹೇಳಿದರು: "ಪುಟ್ಟಮ್ಮನೋರ ತಟ್ಟೇಲಿ ಉಟಣೆ ಬಂದಿದೆಯಲ್ಲ, ಅದು ವಾಪಸು ಬೇಕಿತ್ತು."

ಚಂದವ್ವನ ಮುಖ ಬಿಗಿಯಿತು. "ಬೀಗರ ತಾಟಿನಾಗಿಂದ ತಿರುಗಿ ಕೇಳೂದಂದ್ರ ಏನರ್ಥರೀ? ಸಂಬಂಧ ಬ್ಯಾಡಂತ ಅವರು ನಿಮ್ಮನ್ನ ಕಳಿಸ್ಯಾರೇನು? ಸೀದಾ ಹೇಳ್ರಿ."

ಅಶ್ವತ್ಥನಾರಾಯಣರ ಬೆನ್ನಲ್ಲಿ ಬೆವರು ಹರಿಯಿತು, ಅದೂ ಬಹುಶಃ ಹಳದಿ ಬಣ್ಣದ್ದೇ. ಪುಡಿ ಉಳಿದರೆ ಹುಡುಗ ಕೆಟ್ಟ, ಕೇಳಿದರೆ ಮದುವೆ ಕೆಟ್ಟಿತು.

"ಛೆ ಛೆ. ಮೈಲಾರಲಿಂಗನ ಅಪ್ಪಣೆ ಕಣಮ್ಮ. ಕನಸಲ್ಲಿ ಬಂದು, ಮದುಮಗನಿಗೆ ಹೋಗೋ ಪುಡಿ ಮೊದಲು ನನ್ನ ಮುಂದೆ ಬರಲಿ ಅಂದ."

ಚಂದವ್ವ ಕಣ್ಣು ಮುಚ್ಚಿ ಕೈಮುಗಿದರು. "ದೇವರು ಕೇಳಿದ ಮ್ಯಾಲ ಮುಗೀತ್ರಿ." ಚೀಲ ಕೈಗೆ ಬಂತು. ತೆಳ್ಳಗಿನ ಬಾಕ್ಸು ಕೊಟ್ಟು ಅಶ್ವತ್ಥನಾರಾಯಣರು ಮೆಟ್ಟಿಲನ್ನು ಜಾರುಬಂಡೆಯಂತೆ ಇಳಿದರು. ಸ್ಟೇಷನ್ನಿನ ಹೊರಗೆ ಕಸದ ಗಾಡಿ ನಿಂತಿತ್ತು. ಒಂದೂ ಬಿಡದೆ ಎಲ್ಲ ಚೀಲಗಳನ್ನು ಅದಕ್ಕೆ ಸುರಿದು, ಗಾಡಿ ತಿರುವು ದಾಟಿ ಮರೆಯಾಗುವವರೆಗೆ ನಿಂತು ನೋಡಿ, ಮೊದಲ ಸಲ ಪೂರ್ತಿ ಉಸಿರು ಬಿಟ್ಟರು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರು. ಬಾಗಿಲಲ್ಲಿ ಹೂವು ಕಟ್ಟುತ್ತಿದ್ದ ಯಾಮಿನಿ ಗಂಡನ ಮುಖವನ್ನೂ ಕೈಯಲ್ಲಿದ್ದ ಚೆಂಡುಹೂವನ್ನೂ ಒಮ್ಮೆ ಹೋಲಿಸಿ ನೋಡಿದಳು. ಅಶ್ವತ್ಥನಾರಾಯಣರು ನಡೆದದ್ದನ್ನೆಲ್ಲ ಹೇಳಿ, "ಊರಿನ ಮಾನ ಉಳಿಸಿ ಬಂದಿದೀನಿ" ಎಂದು ಮುಗಿಸಿದರು.

ಯಾಮಿನಿ ಹೂವು ಕೆಳಗಿಟ್ಟಳು. ರವಿಕೆಯ ತೋಳು ಮೇಲೆ ಸರಿಸಿದಳು. ಮೊಣಕೈ ಅಪ್ಪಟ ಹಳದಿ.

"ನೀವು ಡಬ್ಬ ಕೊಟ್ಟ ದಿನವೇ ನಾನು ಹಚ್ಚಿ ನೋಡಿದೆ. ಹಬ್ಬದಲ್ಲಿ ನಿಮ್ಮ ಮುಖ ಸಣ್ಣದಾಗೋದು ಬೇಡ ಅಂತ ಬಾಯಿ ಬಿಡಲಿಲ್ಲ. ವಾಶಿಯ ದೊಡ್ಡ ಅಂಗಡಿಯಿಂದ ಎಲ್ಲಕ್ಕಿಂತ ಒಳ್ಳೇ ಉಟಣೆ ತಂದು ಚೀಲಕ್ಕೆ ತುಂಬಿದೆ. ಗಂಧ, ಕೇಸರಿ, ಗುಲಾಬಿ ಎಲ್ಲಾ ಇತ್ತು ಅದರಲ್ಲಿ."

ಅಶ್ವತ್ಥನಾರಾಯಣರು ನಿಂತಲ್ಲೇ ಕುಳಿತರು. "ದುಡ್ಡು?"

"ಈ ಸಲ ಇಷ್ಟು ಉಳಿಸಿದೆ ಅಂತ ನೀವೇ ಕೊಟ್ಟಿದ್ರಲ್ಲ. ಅದು ಸಾಲಲಿಲ್ಲ, ನಾನೂ ಒಂದಿಷ್ಟು ಹಾಕಿದೆ."

ಅಷ್ಟರಲ್ಲಿ ಪುಟ್ಟಮ್ಮ ಓಡಿಬಂದರು. "ಚಂದವ್ವನೋರ ಫೋನು ಬಂದಿತ್ತು ಕಣ್ರೀ. ದೇವರು ಬಾಯಿಬಿಟ್ಟು ಕೇಳಿದ ಪುಡಿಯಂತೆ. ಪೂಜೆ ಮಾಡಿಸಿ ಬೇಗ ವಾಪಸು ಕೊಡಬೇಕಂತೆ. ಬರೀ ಹುಡುಗನಿಗಲ್ಲ, ಬಂದ ನೆಂಟರೆಲ್ಲ ನಾಳೆ ನಸುಕಿಗೆ ಅದನ್ನೇ ಹಚ್ಕೊಂಡು ಮೀಯಬೇಕಂತೆ. ಇಲ್ಲಾಂದ್ರೆ ಅಪಶಕುನ ಅಂತಿದಾರೆ."

"ನೆಂಟರು ಎಷ್ಟು ಜನ?" ಅಶ್ವತ್ಥನಾರಾಯಣರ ಧ್ವನಿ ಬಾವಿಯ ತಳದಿಂದ ಬಂತು.

"ವಿಜಯಪುರದಿಂದ ಎರಡು ಬಸ್ಸು ಹೊರಟಿವೆಯಂತೆ."

ಯಾಮಿನಿ ಒಳಗೆ ಹೋಗಿ ಮನೆಯ ಅತಿ ದೊಡ್ಡ ಚೀಲ ತಂದು ಗಂಡನ ಹಳದಿ ಕೈಗೆ ಕೊಟ್ಟಳು.

"ಅಂಗಡಿ ವಾಶಿ ಸ್ಟೇಷನ್ ಎದುರೇ ಇದೆ, ಇನ್ನೂ ಮುಚ್ಚಿರೋದಿಲ್ಲ. ನಮಗೂ ಒಂದು ಪೊಟ್ಟಣ ತನ್ನಿ. ಮನೇಲಿ ಉಳಿದಿರೋದು ನೀವು ಮಾಡಿದ್ದು ಮಾತ್ರ."